ಶಿಗ್ಗಾಂವಿಯ ಬೇವಿನ ಕಡ್ಡಿ

ಶಿಗ್ಗಾಂವಿ, ಬೆಳಗಿನ ಹೊತ್ತು. ಪೆಟ್ರೋಲು ಸಿಗದ ಈ ಯುದ್ಧದ ದಿನಗಳಲ್ಲಿ ನಾನು ಹತ್ತಬೇಕಿದ್ದ ಹಾನಗಲ್ಲಿನ ಮೋಟಾರು ಬಸ್ಸು ಓಡುವುದು ಇದ್ದಿಲಿನಿಂದ. ಅದರ ಒಲೆ ಇನ್ನೂ ಹೊತ್ತಿಕೊಂಡಿರಲಿಲ್ಲ. ಅಷ್ಟರಲ್ಲಿ ಹಲ್ಲುಜ್ಜಿಬಿಡೋಣವೆಂದು ರಸ್ತೆಯ ಪಕ್ಕದ ಎಳೆ ಬೇವಿನ ಗಿಡದಿಂದ ಕಡ್ಡಿಯೊಂದನ್ನು ಮುರಿದುಕೊಂಡೆ. ಸುತ್ತ ಜಾಲಿಮುಳ್ಳಿನ ಬೇಲಿಯಿತ್ತು, ಕಾಲಿನಿಂದ ಸರಿಸಿದೆ. ಕೈಗೆ ಬಂದದ್ದು ನಡುವೆ ನೆಟ್ಟಗೆ ನಿಂತಿದ್ದ ಸುಳಿ. ಪರವೂರಿನಲ್ಲಿ ಅಷ್ಟೆಲ್ಲ ಯಾರು ನೋಡುತ್ತಾರೆ?

ಎದುರು ಮನೆಯ ಹೆಂಗಸು ಬಾಂಡೆ ತೊಳೆದ ನೀರನ್ನು ಗಿಡಕ್ಕೆ ಹಾಕಲು ಬಂದಳು. ಗಿಡವನ್ನು ನೋಡಿದಳು. ಬಾಯಲ್ಲಿ ಕಡ್ಡಿ ಇಟ್ಟುಕೊಂಡು ನಿಂತಿದ್ದ ನನ್ನನ್ನೂ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ.

“ಮೊದಲ ಇಲ್ಲೆ ಬಸರಿ ಗಿಡ ಹಚ್ಚಿದ್ವಿರಿ, ಅಣ್ಣಾರ,” ಎಂದಳು. “ಓಣ್ಯಾಗಿನ ದನ ತಿಂದು ಹಾಕಿದ್ವು. ದನ ಬಾಯಿ ಹಾಕಬಾರದಂತ ಈ ಸರ್ತಿ ಬೇವು ಹಚ್ಚೇವಿ.”

ಕಡ್ಡಿಯನ್ನು ಜಗಿಯಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

“ಗೊತ್ತಾಗಲಿಲ್ಲ, ತಾಯಿ” ಎಂದೆ. ಬೇಲಿ ಸರಿಸುವಾಗ ಮುಳ್ಳು ಗೀರಿದ ಕಾಲು ಇನ್ನೂ ಉರಿಯುತ್ತಿತ್ತು.

ಆಕೆ ಬೇಲಿಯನ್ನು ನೆಟ್ಟಗೆ ಮಾಡಿ, ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. “ಬಾಯಿ ಮುಕ್ಕಳಿಸ್ರಿ. ನೀರು ರಸ್ತಾದಾಗ ಚೆಲ್ಲಬ್ಯಾಡ್ರಿ, ಗಿಡದ ಬುಡಕ್ಕ ಬಿಡ್ರಿ. ಬ್ಯಾಸಗಿ ಐತಿ.”

ಮೋಟಾರು ಹೊಗೆಯುಗುಳಿ ಗುರುಗುಟ್ಟಿತು. ಹತ್ತಿ ಕುಳಿತವರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು. ಮುರಿದ ಸುಳಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ತಲೆ ಬಗ್ಗಿಸಿ, ಬಾಯಲ್ಲಿದ್ದ ನೀರನ್ನು ಬುಡಕ್ಕೆ ಬಿಟ್ಟೆ.