ಮತ್ತು ಇತರ ಅಪೂರ್ವ ಮೂಲಿಕೆಗಳು

ನನ್ನ ಮಾವ ಮಾಯಣ್ಣನವರ ಮನೆಮಾತು ಕನ್ನಡ, ಆದರೆ ಕನ್ನಡ ಓದಲು ಅವರಿಗೆ ಬರುವುದಿಲ್ಲ. ಆ ಒಂದು ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅವರ ಹಿರಿಯರು ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಇಳಿದು ಬಂದು, ಧಾರಾಪುರದ ಆಚೆ ಮೂಲನೂರಿನ ಕೆಂಪು ನೆಲದಲ್ಲಿ ನೆಲೆ ನಿಂತವರು. ನಾನು ಆದರ್ಶ್, ಹಾಸನದ ಕಡೆಯವನು, ಕೊಯಮತ್ತೂರಿನ ಪೀಳಮೇಡಿನಲ್ಲಿ ಪಂಪ್‌ಸೆಟ್ ಕಾರ್ಖಾನೆಯ ಎಂಜಿನಿಯರು. ಅವರ ಮಗಳು ಜನನಿಯನ್ನು ಮದುವೆಯಾಗಿ ಐದು ವರ್ಷವಾಯಿತು. ಮಾವ ನನ್ನನ್ನು ಬಾಯ್ತುಂಬ ‘ಮಾಪ್ಪಿಳೆ’, ಅಂದರೆ ತಮಿಳಿನಲ್ಲಿ ಅಳಿಯ, ಎಂದು ಕರೆಯುತ್ತಾರೆ, ನನ್ನ ಮಾತು ಕೇಳಿ ‘ರೇಡಿಯೋ ಕನ್ನಡ’ ಎಂದು ನಗುತ್ತಾರೆ.

ಮಾವ ಬೆಳೆಯುವುದು ವಿಷವನ್ನು. ಬೈಗುಳವಲ್ಲ ಇದು, ಅವರ ಬೆಳೆಯೇ ಅದು. ಗೌರಿ ಹಬ್ಬದ ಹೊತ್ತಿಗೆ ನಮ್ಮ ಕಡೆ ಬೇಲಿಯ ಮೇಲೆ ಕೆಂಪು ಹಳದಿಯಾಗಿ ಅರಳುತ್ತದಲ್ಲ ಗೌರಿ ಹೂ, ಆಯುರ್ವೇದದವರು ಲಾಂಗಲಿ ಎನ್ನುವ ಬಳ್ಳಿ, ಅದಕ್ಕೆ ಇಲ್ಲಿ ಕಣ್ವಲಿ ಎಂದು ಹೆಸರು. ಮಾವನ ಹೊಲದಲ್ಲಿ ಎರಡು ಎಕರೆ ತುಂಬ ಅದೇ. ಇವರು ಹೊಲಕ್ಕೆ ಕಾಡು ಎನ್ನುತ್ತಾರೆ. ಬೀಜ, ಗಡ್ಡೆ, ಕಾಯಿಯ ಸಿಪ್ಪೆ ಎಲ್ಲದರಲ್ಲೂ ನಂಜು. ಅದೇ ನಂಜನ್ನು ತೆಗೆದು, ಶುದ್ಧ ಮಾಡಿ, ಸಾಸಿವೆಯಷ್ಟು ಅಳೆದರೆ ಗೌಟ್ ಎಂಬ ಕೀಲುನೋವಿಗೆ ಒಳ್ಳೆಯ ಮಾತ್ರೆ. ಗಡ್ಡೆಯನ್ನು ದಿನಗಟ್ಟಲೆ ಶೋಧಿಸಿ ಮೇಲೆ ಹಚ್ಚುವ ತೈಲಕ್ಕೆ ಹಾಕುವ ಬಲ್ಲ ವೈದ್ಯರೂ ಇದ್ದಾರೆ. ಬಲ್ಲವರ ಕೈಯಲ್ಲಿ ಮದ್ದು, ಉಳಿದವರ ಕೈಯಲ್ಲಿ ಚಟ್ಟ.

ಹೂ ಬಿಡುವ ತಿಂಗಳುಗಳಲ್ಲಿ ಜೇನುಹುಳುಗಳ ಕೆಲಸವನ್ನು ಇಲ್ಲಿ ಹೆಂಗಸರೇ ಮಾಡುತ್ತಾರೆ. ಅತ್ತೆ ಮಲ್ಲಿಗಾ ಬೆಳಗಿನ ಆರಕ್ಕೇ ಸಾಲಿಗೆ ಇಳಿದು, ಒಂದು ಹೂವಿನ ಪರಾಗವನ್ನು ಇನ್ನೊಂದಕ್ಕೆ ಬೆರಳಿನಿಂದ ಒರೆಸುತ್ತ, ಬಗ್ಗುತ್ತ ಏಳುತ್ತ ಹತ್ತು ಗಂಟೆಯವರೆಗೆ ಹೂವಿನಿಂದ ಹೂವಿಗೆ ಹೋಗುತ್ತಾರೆ. ಇಪ್ಪತ್ತೈದು ವರ್ಷ ಹಾಗೆ ಬಗ್ಗಿ ಎದ್ದು ಅವರ ಮಂಡಿ ಸವೆದುಹೋಗಿದೆ. ಮಾವ ಬದುವಿನ ಮೇಲೆ ನಿಂತು ಎಲ್ಲರಿಗೂ ಎಚ್ಚರಿಕೆ ಹೇಳುತ್ತಾರೆ. ಕಣ್ವಲಿ ಮುಟ್ಟಿದ ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆಯದೆ ಟೀ ಲೋಟ ಮುಟ್ಟುವಂತಿಲ್ಲ. ಈ ವಿಷಯದಲ್ಲಿ ಅವರು ಮಹಾ ಕಟ್ಟುನಿಟ್ಟು.

ಕೊಯ್ಲಾದ ಮೇಲೆ ಬೀಜ ಆರಿಸುವುದು ಮಾತ್ರ ಮಾವನೇ. ಒಳ್ಳೆಯದು ಮಾತ್ರೆ ಮಾಡುವವರ ಏಜೆಂಟಿಗೆ ಹೋಗುತ್ತದೆ. ಜಳ್ಳು ಬೀಜ, ಸಿಪ್ಪೆ, ಒಡೆದ ಗಡ್ಡೆ ಎಲ್ಲ ಸೋಮಸುಂದರಂ ಎಂಬ ಮೂಲಿಕೆ ವ್ಯಾಪಾರಿಗೆ. ಆ ಕಸವನ್ನು ಆತ ಏನು ಮಾಡುತ್ತಾನೆ ಎಂದು ಒಮ್ಮೆ ಕೇಳಿದ್ದೆ.

“ಏನೋ ಮರುಂದು ಮಾಡ್ತಾರಂತೆ ಮಾಪ್ಪಿಳೆ. ನಮಗೆ ಯಾಕುಂಗ ಅದೆಲ್ಲ,” ಎಂದರು. ಮರುಂದು ಎಂದರೆ ಮದ್ದು, ಮಾತಿನ ಕೊನೆಯ ‘ಉಂಗ’ ಈ ಕಡೆಯ ಮರ್ಯಾದೆ.

ಕಳೆದ ವರ್ಷ ಮಾವನ ಬಲಗಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡಿತು. ಧಾರಾಪುರದ ಡಾಕ್ಟರ್ ಜಯಪ್ರಿಯಾ ರಕ್ತ ಪರೀಕ್ಷೆ ಮಾಡಿಸಿ, ಗೌಟ್ ಎಂದು ಹೇಳಿ, ಪುಟ್ಟ ಮಾತ್ರೆ ಬರೆದುಕೊಟ್ಟರು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಪಾಪ, ರೋಗಿಗೆ ಖುಷಿಯಾಗಲಿ ಎಂದು, “ಇದು ನಿಮ್ಮೂರ ಕಣ್ವಲಿ ಬೀಜದಿಂದಲೇ ಮಾಡಿದ್ದು ಅಯ್ಯಾ,” ಎಂದುಬಿಟ್ಟರು. ಮಾವ ಮಾತ್ರೆಯ ಚೀಟಿಯನ್ನು ಮಡಿಚಿ ಅವರ ಮೇಜಿನ ಮೇಲೇ ಇಟ್ಟು ಎದ್ದು ಬಂದರು.

“ವಿಷಾನ ನಾನು ಬೆಳೀತೀನಿ ಮಾಪ್ಪಿಳೆ, ತಿನ್ನಾದಿಲ್ಲ,” ಎಂದು ನನಗೆ ಹೇಳಿದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಬೇರೆ ಕಂಡಿಲ್ಲ.

ಅಲ್ಲಿಂದ ಅವರು ಕುಂಟುತ್ತ ಹೋದದ್ದು ಧಾರಾಪುರದ ವಸ್ತುಪ್ರದರ್ಶನಕ್ಕೆ. ಜೈಂಟ್ ವೀಲಿನ ಪಕ್ಕದ ಮಳಿಗೆಯಲ್ಲಿ ಕೀಲುನೋವಿನ ಚೂರ್ಣ ಮಾರುತ್ತಿದ್ದರು. ಹಸಿರು ಡಬ್ಬಿ. ಮೇಲೆ ಒಬ್ಬ ಮುದುಕ ಬೇಲಿ ಹಾರುತ್ತಿರುವ ಚಿತ್ರ. ‘ನೂರಕ್ಕೆ ನೂರು ಮೂಲಿಕೆ, ಅಡ್ಡ ಪರಿಣಾಮ ಇಲ್ಲವೇ ಇಲ್ಲ’ ಎಂದು ತಮಿಳಿನಲ್ಲಿ ದಪ್ಪಕ್ಷರ. ಒಳಗಿರುವುದೇನೆಂದರೆ ಶುಂಠಿ, ಅಮೃತಬಳ್ಳಿ, ನೆಗ್ಗಿಲು ಮತ್ತು ಇತರ ಅಪೂರ್ವ ಮೂಲಿಕೆಗಳು. ಶುಂಠಿಯನ್ನು ಹೆಸರಿಟ್ಟು ಕರೆದು ಅಪೂರ್ವವಾದದ್ದನ್ನು ‘ಇತರ’ ಎಂದು ಮುಚ್ಚಿಟ್ಟ ಈ ವಿನಯ ಏಕೆ ಎಂದು ಮಾವ ಕೇಳಲಿಲ್ಲ. ಏನಿದೆಯೆಂದು ತಿಳಿದ ಮಾತ್ರೆಗೆ ಹೆದರಿದ ಮನುಷ್ಯ, ಏನಿದೆಯೆಂದು ತಿಳಿಯದ ಪುಡಿಯನ್ನು ಬಿಸಿನೀರಿಗೆ ಬೆರೆಸಿ ಕುಡಿದರು.

ಮೂರನೇ ದಿನಕ್ಕೆ ಊತ ಇಳಿಯಿತು. ಐದನೇ ದಿನ ಮಾವ ಚಪ್ಪಲಿ ಹಾಕಿಕೊಂಡು ಬಸ್ ಸ್ಟಾಂಡಿನವರೆಗೆ ನಡೆದು ಹೋಗಿ, ಯಾವ ಕೆಲಸವೂ ಇಲ್ಲದೆ ವಾಪಸು ಬಂದರು. ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಮತ್ತೆ ಹೋಗಿ ಹನ್ನೊಂದು ಡಬ್ಬಿ ತಂದು ನೆಂಟರು, ಇಷ್ಟರು, ಕೂಲಿಗೆ ಬರುವವರು ಎಂದು ಹಂಚಿದರು. ಬೆನ್ನುನೋವಿಗೂ ಅದೇ, ಕುತ್ತಿಗೆ ಹಿಡಿದದ್ದಕ್ಕೂ ಅದೇ. ಒಂದು ಡಬ್ಬಿ ಪಲ್ಲಡದಲ್ಲಿರುವ ಅವರ ಅಕ್ಕ ಅಂಗಮ್ಮನವರಿಗೆ ಹೋಯಿತು. ನನಗೂ ಕೊಡಲು ಬಂದರು.

“ನನಗೆ ಯಾವ ನೋವೂ ಇಲ್ಲ ಮಾವ,” ಎಂದೆ.

“ಬರಾದಕ್ಕೆ ಮುಂಚೇನೇ ತಿನ್ನಿ ಮಾಪ್ಪಿಳೆ. ಮೂಲಿಗೆಂಗ ಇದು. ಬಂದ್ರೆ ಒಳ್ಳೇದು ಬರತ್ತೆ, ಇಲ್ಲಾಂದ್ರೆ ಏನೂ ಬರಾದಿಲ್ಲ.”

ಅತ್ತೆಗೆ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಅವರ ಮಂಡಿಯದು ಸವೆತ, ಗೌಟ್ ಅಲ್ಲ. ಚೂರ್ಣ ಅದಕ್ಕೆ ಏನೂ ಮಾಡಲಿಲ್ಲ. “ಇವರ ಬೆರಳಿಗೆ ಕೇಳಿದ್ದು ನನ್ನ ಮಂಡಿಗೆ ಕೇಳಬೇಕಾ,” ಎಂದು ಅವರು ಜನನಿಯ ಹತ್ತಿರ ಗೊಣಗಿದರು. ಮಾವನಿಗೆ ಅದು ಮಾನದ ಪ್ರಶ್ನೆಯಾಯಿತು. ಊರಿಗೆಲ್ಲ ಕೇಳಿದ ಮದ್ದು ಸ್ವಂತ ಹೆಂಡತಿಗೆ ಕೇಳದಿದ್ದರೆ ಹೇಗೆ. ಒಂದು ಚಮಚವನ್ನು ಎರಡು ಮಾಡಿದರು, ಎರಡನ್ನು ಮೂರು ಮಾಡಿದರು. ಬೆಳಿಗ್ಗೆ ಎದುರಿಗೆ ನಿಂತು, ಲೋಟ ಖಾಲಿಯಾಗುವವರೆಗೆ ಕದಲುತ್ತಿರಲಿಲ್ಲ. ಅತ್ತೆಗೆ ಬೇಡ ಎನ್ನಲು ಬರುವುದಿಲ್ಲವೆಂದಲ್ಲ, ಮೂವತ್ತೈದು ವರ್ಷದಲ್ಲಿ ಅದರಿಂದ ಏನೂ ಆಗುವುದಿಲ್ಲವೆಂದು ಗೊತ್ತಾಗಿಬಿಟ್ಟಿತ್ತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ಮಾವನ ಮೇಲೂ, ತಿಂಗಳಿಗೊಮ್ಮೆ ಹೋಗಿ ಊಟ ಮಾಡಿ ನಕ್ಕು ಬರುತ್ತಿದ್ದ ನನ್ನ ಮೇಲೂ.

ಒಂದು ಭಾನುವಾರ ನಾನೂ ಜನನಿಯೂ ಅಲ್ಲಿದ್ದೆವು. ಬೆಳಿಗ್ಗೆಯಿಂದ ಅತ್ತೆಗೆ ವಾಂತಿ, ಭೇದಿ. ಮಧ್ಯಾಹ್ನದ ಹೊತ್ತಿಗೆ ಎದ್ದು ಕೂರಲೂ ಆಗದೆ ಬೆವರಿ ತಣ್ಣಗಾಗಿದ್ದರು. ಕಾರಿನಲ್ಲಿ ಮಲಗಿಸಿಕೊಂಡು ಜಯಪ್ರಿಯಾ ಅವರ ಹತ್ತಿರ ಓಡಿದೆವು. ಈ ಕಡೆಯ ಡಾಕ್ಟರುಗಳಿಗೆ ಇದರ ಗುರುತು ಇದೆ. ನಾಡಿ ನೋಡುತ್ತಲೇ ಅವರು, “ಕಣ್ವಲಿ ಏನಾದರೂ ಹೊಟ್ಟೆಗೆ ಹೋಗಿದೆಯಾ?” ಎಂದು ಕೇಳಿದರು.

ಮಾವನಿಗೆ ಅವಮಾನವಾಯಿತು. ತಮ್ಮ ಮನೆಯ ಆಡು ಕೂಡ ಕಣ್ವಲಿಗೆ ಬಾಯಿ ಹಾಕುವುದಿಲ್ಲವೆಂದೂ, ಅಷ್ಟು ಎಚ್ಚರದಿಂದ ಮನೆ ನಡೆಸುತ್ತಿರುವುದಾಗಿಯೂ ತಮಿಳಿನಲ್ಲಿ ಸಣ್ಣ ಭಾಷಣ ಮಾಡಿದರು. ಜನನಿ ನಡುವೆ ಬಾಯಿ ಹಾಕಿ ಚೂರ್ಣದ ವಿಷಯ ಹೇಳಿದಳು. ಅವಳ ಕೈಚೀಲದಲ್ಲೇ ಡಬ್ಬಿ ಇತ್ತು. ಡಾಕ್ಟರು ಒಂದು ಬಿಳಿ ಕಾಗದದ ಮೇಲೆ ಪುಡಿ ಸುರಿದು ನಮ್ಮ ಮುಂದೆ ಹಿಡಿದರು. ನನಗೆ ಅದು ಬರಿಯ ಪುಡಿ. ಡಾಕ್ಟರಿಗೂ ಅಷ್ಟೇ ಇರಬೇಕು. ಇಪ್ಪತ್ತೈದು ವರ್ಷ ಕಣ್ವಲಿ ಬೀಜ ಆರಿಸಿದ ಕಣ್ಣು ಆ ಕೋಣೆಯಲ್ಲಿ ಒಂದೇ ಜೊತೆ ಇತ್ತು. ಮಾವ ಬಗ್ಗಿ, ಬೆರಳ ತುದಿಯಿಂದ ಪುಡಿಯನ್ನು ಸವರಿ, ಕೆಂಪಗಿನ ಸಣ್ಣ ಚೂರುಗಳನ್ನು ಒಂದು ಪಕ್ಕಕ್ಕೆ ಸರಿಸಿದರು. ನಾನು ಡಬ್ಬಿ ತಿರುಗಿಸಿ ತಳದ ಸಣ್ಣಕ್ಷರವನ್ನು ಓದಿದೆ. ತಯಾರಕರು ಸೋಮಸುಂದರಂ.

ಬಾಯಿ ಮುಚ್ಚಿಕೊಂಡು ನಿಂತಿರಬಹುದಿತ್ತು. ಆದರೆ ಮಾವ ಹೇಳಿದರು.

“ನಂದೇ ಅಮ್ಮಾ. ಜಳ್ಳು. ನಾನೇ ಮಾರಿದ್ದು.”

ಇದಕ್ಕೆ ಪ್ರತಿಮದ್ದು ಇಲ್ಲ. ಡ್ರಿಪ್ ಹಾಕಿ, ರಕ್ತ ನೋಡುತ್ತ, ದೇಹ ತಾನೇ ತಡೆದುಕೊಳ್ಳುವವರೆಗೆ ಕಾಯಬೇಕು. ಆ್ಯಂಬುಲೆನ್ಸಿನಲ್ಲಿ ಕೊಯಮತ್ತೂರಿಗೆ ಸಾಗಿಸಿದರು. ಹೊರಡುವ ಮುಂಚೆ ಜಯಪ್ರಿಯಾ, ಹಂಚಿದ ಡಬ್ಬಿಗಳೆಲ್ಲ ಇವತ್ತೇ ವಾಪಸು ಬರಬೇಕು ಎಂದರು. ಮಾವ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಬ್ಬೊಬ್ಬರಿಗೆ ಫೋನ್ ಮಾಡಿದರು. “ಸ್ವಲ್ಪ ದಿವಸ ನಿಲ್ಸಿ, ಹಳೇ ಸರಕಂತೆ,” ಎಂದರು. ಡಾಕ್ಟರ ಮುಂದೆ ಹೊರಬಿದ್ದ ಸತ್ಯ ನೆಂಟರ ಮುಂದೆ ಮತ್ತೆ ಒಳಕ್ಕೆ ಹೋಗಿತ್ತು.

ಹತ್ತು ಡಬ್ಬಿಗಳನ್ನು ನಾನೇ ಮನೆ ಮನೆ ಅಲೆದು ತಂದೆ. ಕೊಟ್ಟವರೂ ಮನಸ್ಸಿಲ್ಲದೆಯೇ ಕೊಟ್ಟರು. ಒಬ್ಬರಂತೂ, ಚೆನ್ನಾಗಿರುವ ಮದ್ದನ್ನು ಇಂಗ್ಲಿಷ್ ಡಾಕ್ಟರು ನಿಲ್ಲಿಸುತ್ತಾರೆ, ಅವರ ವ್ಯಾಪಾರ ನಡೆಯಬೇಕಲ್ಲ ಎಂದು ನನಗೇ ಬುದ್ಧಿ ಹೇಳಿದರು. ಪಲ್ಲಡದ ಅಂಗಮ್ಮ ಮಾತ್ರ ಫೋನಿನಲ್ಲೇ, “ಅವತ್ತೇ ಎಸೆದುಬಿಟ್ಟೆ,” ಎಂದಿದ್ದರು. ಮಾವ ಸೋಮಸುಂದರಂಗೂ ಫೋನ್ ಮಾಡಿ ಕೂಗಾಡಿದರು. “ನೀವು ಯಾವತ್ತಾದರೂ ಏನು ಮಾಡ್ತೀಯ ಅಂತ ಕೇಳಿದ್ರಾ?” ಎಂದನಂತೆ ಆತ. ದೂರು ಕೊಟ್ಟೆವು, ಅಧಿಕಾರಿಗಳು ಡಬ್ಬಿಗಳನ್ನು ಪರೀಕ್ಷೆಗೆ ಒಯ್ದಿದ್ದಾರೆ, ವರದಿ ಬರಬೇಕು.

ಎರಡು ದಿನ ಅತ್ತೆ ಉಳಿಯುವುದಿಲ್ಲ ಎಂದೇ ನಾವು ಎಣಿಸಿದ್ದೆವು. ಉಳಿದರು. ಎರಡನೇ ವಾರದಲ್ಲಿ ತಲೆಗೂದಲು ಹಿಡಿಹಿಡಿಯಾಗಿ ದಿಂಬಿಗೆ ಬಂತು. ಈ ನಂಜಿನ ಗುಣವೇ ಅದು, ಮತ್ತೆ ಬೆಳೆಯುತ್ತದೆ ಎಂದರು ಡಾಕ್ಟರು. ಉಳಿದ ನಾಲ್ಕು ಎಳೆಯನ್ನು ಜನನಿಯೇ ಕತ್ತರಿಸಿ ತೆಗೆದಳು. ಅತ್ತೆ ಅತ್ತದ್ದು ಆಗ ಮಾತ್ರ.

ಮನೆಗೆ ಕಳಿಸಿದ ದಿನ ಕಾರಿನಲ್ಲಿ ನಾವು ನಾಲ್ವರೂ ಪಲ್ಲಡದ ದಾರಿಯಲ್ಲಿ ಬಂದೆವು. ಅತ್ತೆ ಆಸ್ಪತ್ರೆಯಲ್ಲಿದ್ದುದನ್ನೂ ಮಾವ ಅಕ್ಕನಿಗೆ ಹೇಳಿರಲಿಲ್ಲ. ಅಂಗಮ್ಮನವರ ಮನೆಯಲ್ಲಿ ನೀರು ಕುಡಿಯಲು ಇಳಿದರೆ, ಅಡುಗೆಮನೆಯ ಕಿಟಕಿಯಲ್ಲಿ ಹಸಿರು ಡಬ್ಬಿ. ಪಕ್ಕದಲ್ಲಿ ಒದ್ದೆ ಚಮಚ. “ಎಸೆದುಬಿಟ್ಟೆ ಅಂದ್ಯಲ್ಲ ಅಕ್ಕಾ,” ಎಂದು ಮಾವ ಕೇಳಿದರು.

“ದಿನಕ್ಕೆ ಒಂದು ಚಿಟಿಕೆ, ಅಷ್ಟೇ ಕಣೋ,” ಎಂದರು ಅಂಗಮ್ಮ. “ಮೆಟ್ಟಿಲು ಹತ್ತುತೀನಿ ಈಗ. ಅದ್ಯಾಕೆ ಕೇಳ್ತೀಯ ನೀನು? ನೀನೇ ತಾನೆ ಮೂಲಿಗೆ, ಏನೂ ಆಗಾದಿಲ್ಲ ಅಂದೆ?”

ಮಾವ ಹಳೇ ಸರಕಿನ ಕತೆಯನ್ನು ಮತ್ತೆ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರು. ಅತ್ತೆಯ ಕಡೆ ಒಮ್ಮೆ ನೋಡಿದರು. “ಅಕ್ಕಾ, ಅದರಲ್ಲಿ ಇರಾದು ಕಣ್ವಲಿ. ನಮ್ಮ ಕಾಡುದೇ. ನಾನೇ ಮಾರಿದ್ದು.”

“ನಮ್ಮ ಕಾಡುದಾ?” ಅಂಗಮ್ಮನ ಮುಖ ಅರಳಿತು. “ಮತ್ತೆ ಡಬ್ಬಿ ಯಾಕೋ? ನೀನೇ ಎರಡು ಪಿಡಿ ಬೀಜ ತಂದು ಕೊಡಬಾರದಾ, ಅಕ್ಕನಿಗೆ?”

ಇಷ್ಟು ದಿನ ಊರಿಗೆಲ್ಲ ನಂಬಿಕೆ ಹಂಚಿದ ಮಾವನಿಗೆ ಅದನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ತಿಳಿದಿರಲಿಲ್ಲ. ಅಷ್ಟರಲ್ಲಿ ಅತ್ತೆ ಬೆವರು ಒರೆಸಿಕೊಳ್ಳಲು ತಲೆಯ ಮೇಲಿನ ಸೆರಗು ಸರಿಸಿದರು. ಅಂಗಮ್ಮನ ಕಣ್ಣು ಅಲ್ಲಿಗೆ ಹೋಯಿತು.

“ಏನು ಮಲ್ಲಿಗಾ, ಪಳನಿಗೆ ಹೋಗಿ ಮುಡಿ ಕೊಟ್ಟೆಯಾ? ನನಗೆ ಒಂದು ಮಾತು ಹೇಳಲಿಲ್ಲ.”

“ಪಳನಿಗೆ ಅಲ್ಲ ಅತ್ತಿಗೆ,” ಎಂದರು ಅತ್ತೆ. “ನಿಮ್ಮ ತಮ್ಮನಿಗೆ ಕೊಟ್ಟೆ.”

ಅಂಗಮ್ಮ ಅತ್ತೆಯ ತಲೆಯನ್ನು ಅಂಗೈಯಿಂದ ಒಮ್ಮೆ ಸವರಿ ನೋಡಿದರು. ಆಮೇಲೆ ಒಳಗೆ ಹೋಗಿ ಡಬ್ಬಿ ತೆಗೆದುಕೊಂಡು ಬಂದರು. ಮಾವ ಕೈ ಚಾಚಿದ್ದರು. ಅವರ ಕೈಗೆ ಕೊಡದೆ ನನ್ನ ಕೈಗೆ ಕೊಟ್ಟರು.