ಮೇಲ್ದುಟಿಯ ಬಣ್ಣ

ಗಂಡನ ತಂಗಿಯ ಮದುವೆಯಲ್ಲಿ ಹಚ್ಚಿಕೊಳ್ಳಲೆಂದು ನಾನು ಆನ್‌ಲೈನಿನಲ್ಲಿ ಎರಡು ದುಬಾರಿ ಲಿಪ್ ಗ್ಲಾಸ್ ತರಿಸಿದ್ದೆ. ಒಂದು ಮಾಗಿದ ಬಾರೆಹಣ್ಣಿನ ಬಣ್ಣದ್ದು, ಇನ್ನೊಂದು ತಿಳಿ ಗುಲಾಬಿ. ಯಾವುದು ಹೆಚ್ಚು ಹೊತ್ತು ಉಳಿಯುತ್ತದೆಂದು ನೋಡಲು ಮೊದಲನೆಯದನ್ನು ಮೇಲ್ದುಟಿಗೆ, ಎರಡನೆಯದನ್ನು ಕೆಳದುಟಿಗೆ ಹಚ್ಚಿಕೊಂಡು ವಿಜಯಪುರದಲ್ಲಿ ಬಬಲೇಶ್ವರದ ಬಸ್ಸು ಹತ್ತಿದೆ. ಅಲ್ಲಿ ಅತ್ತೆಯ ಮನೆಯಲ್ಲಿ ತುಟಿಗೆ ತುಪ್ಪ ಬಿಟ್ಟು ಬೇರೇನನ್ನೂ ಯಾರೂ ಹಚ್ಚಿದವರಲ್ಲ. ಏನಾದರೂ ಅಂದರೆ, ನನ್ನ ಪಗಾರದಲ್ಲಿ ತಂದದ್ದು ಎಂದು ಮುಖಕ್ಕೇ ಹೇಳಬೇಕೆಂದು ದಾರಿಯುದ್ದಕ್ಕೂ ಜಗಳ ಹೊಂದಿಸಿಕೊಂಡೆ.

ಅತ್ತೆ ನನ್ನ ಮುಖ ನೋಡಿದರು. "ರೊಟ್ಟಿ ಬಡಿ ಬಾ" ಎಂದು ಒಲೆಯ ಹತ್ತಿರ ಕೂರಿಸಿ, ತಾವು ಬೇಯಿಸಲು ಎದುರಿಗೇ ಕುಳಿತರು. ನಾನು ಜೋಳದ ಹಿಟ್ಟು ಉದುರಿಸಿ ಬಡಿಯುತ್ತಿದ್ದರೆ ಅವರ ಕಣ್ಣು ನನ್ನ ತುಟಿ ಬಿಟ್ಟು ಕದಲಲಿಲ್ಲ. ಕೈ ತಪ್ಪಿ ರೊಟ್ಟಿ ಹರಿಯಿತು. ಇನ್ನು ತಡೆಯಲಾಗಲಿಲ್ಲ.

"ಏನ್ ನೋಡಾಕತ್ತೀರಿ ಅತ್ತಿ?" ಎಂದೆ.

ಅವರು ಸೆರಗಿನ ತುದಿಯಿಂದ ನನ್ನ ಕೆಳದುಟಿ ಒರೆಸಿ ತೋರಿಸಿದರು. ಹಾರಿದ ಹಿಟ್ಟೆಲ್ಲ ಅಲ್ಲಿ ಅಂಟಿ ಕುಳಿತಿತ್ತು. ಮುಂಗೈಯಿಂದ ಮೇಲ್ದುಟಿ ಮುಟ್ಟಿಕೊಂಡೆ. ಅಲ್ಲಿ ಒಂದು ಕಣವೂ ಇರಲಿಲ್ಲ.

"ಮ್ಯಾಲಿನ ಬಣ್ಣ ನನ್ನ ಮಗಳಿಗೆ ಕೊಡು" ಎಂದರು ಅತ್ತೆ, ಹಂಚಿನ ಮೇಲಿನ ರೊಟ್ಟಿ ತಿರುವುತ್ತ. "ಹಿಟ್ಟು ಹಿಡಿಯೂದು ನೀನ ಇಟ್ಕೊ."