ಬಾಯಿ ನೋಡುತ್ತಿದ್ದ ಉಸ್ತಾದರು

ಐವತ್ತರ ದಶಕದಲ್ಲಿ ನಾನು ಸಾಮು ಮಾಡಲು ಹೋಗುತ್ತಿದ್ದ ಅಗ್ರಹಾರದ ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ ಉಸ್ತಾದರ ಎಡಗೆನ್ನೆ ಒಳಕ್ಕೆ ಎಳೆದುಕೊಂಡಿತ್ತು. ವರ್ಷಗಟ್ಟಲೆ ಹೊಗೆಸೊಪ್ಪು ಒತ್ತಿಟ್ಟುಕೊಂಡಿದ್ದ ಜಾಗದಲ್ಲಿ ಕ್ಯಾನ್ಸರ್ ಆಗಿ, ಡಾಕ್ಟರು ಕೆನ್ನೆ ಕೊಯ್ದು ಅವರನ್ನು ಉಳಿಸಿದ್ದರು. ಅಂದಿನಿಂದ ಯಾರೇ ಬರಲಿ, ಬಾಗಿಲಲ್ಲೇ ತಡೆದು, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ಬಾಯ್ ತಗಿ, ನೋಡಾನ" ಅನ್ನುತ್ತಿದ್ದರು. ಸೊಪ್ಪಿನ ವಾಸನೆ ಬಂದರೆ ಅವತ್ತು ಅವನಿಗೆ ಕುಸ್ತಿ ಇಲ್ಲ.

ಒಂದು ದಸರೆಗೆ, ಕುಸ್ತಿ ಪಂದ್ಯ ನೋಡಲು ಕೆಸರೆಯ ಪೈಲ್ವಾನರೊಬ್ಬರು ಬಂದರು. ಯೌವನದಲ್ಲಿ ಉಸ್ತಾದರನ್ನು ಚಿತ್ ಮಾಡಿದ್ದ ಎದುರಾಳಿ. ನಾವೆಲ್ಲ ಎದ್ದು ನಿಂತೆವು. ಉಸ್ತಾದರು ಕೈಮುಗಿದು, ಅವರಿಗೂ ಅದೇ ಮಾತು ಹೇಳಿದರು.

"ಹುಡುಗ್ರ ಮುಂದೆ ನನ್ ಬಾಯಿ ನೋಡ್ತೀಯಾ?" ಎಂದು ಪೈಲ್ವಾನರು ಸಿಟ್ಟಾದರು. ಆದರೂ ತೆರೆದರು. ನಾಲಿಗೆಯ ಅಂಚಿನಲ್ಲಿ ಬೆಳ್ಳಗೆ ಒಂದು ಹುಣ್ಣಿತ್ತು.

"ಒಂಚೂರೂ ನೋವಿಲ್ಲ ಕಣಯ್ಯ."

"ನಂಗೂ ನೋವಿರ್ನಿಲ್ಲ," ಎಂದರು ಉಸ್ತಾದರು. "ನೋಯೋಗಂಟ ಕಾದೆ, ಕೆನ್ನೆ ಹೋಯ್ತು. ಸೊಪ್ಪು ಹಾಕೋರಿಗೆ ಇದೇನು ಅಪರೂಪದ ಕಾಯಿಲೆ ಅಲ್ಲ. ನಿಂದಿನ್ನೂ ಚಿಕ್ಕದು, ಈಗ್ಲೇ ನಡಿ."

ಅವತ್ತು ಇಬ್ಬರೂ ಕುಸ್ತಿ ಪಂದ್ಯ ಬಿಟ್ಟು, ಜಟಕಾ ಹತ್ತಿ ಆಸ್ಪತ್ರೆಗೆ ಹೋದರು. ಕ್ಯಾನ್ಸರೇ ಆಗಿತ್ತು. ಬೇಗ ಸಿಕ್ಕಿದ್ದರಿಂದ ನಾಲಿಗೆಯ ಅಂಚನ್ನಷ್ಟೇ ತೆಗೆದರು.

ಸಂಕ್ರಾಂತಿಯ ಹೊತ್ತಿಗೆ ಪೈಲ್ವಾನರು ಮತ್ತೆ ಬಂದರು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ಗರಡಿಯ ಜಗುಲಿಯ ಮೇಲೆ ಇಬ್ಬರೂ ಬಾದಾಮಿ ಹಾಲು ಕುಡಿಯುತ್ತಾ ಕೂತರು. ಉಸ್ತಾದರ ಸೊಟ್ಟ ತುಟಿಯಿಂದ ಹಾಲು ಗಡ್ಡಕ್ಕಿಳಿಯಿತು. ಪೈಲ್ವಾನರು ಮಾತು ನಿಲ್ಲಿಸದೆಯೇ ತಮ್ಮ ಹೆಗಲ ಮೇಲಿನ ವಲ್ಲಿಯ ತುದಿಯಿಂದ ಅದನ್ನು ಒರೆಸಿದರು. ನಮ್ಮನ್ನೆಲ್ಲ ಗದರುತ್ತಿದ್ದ ಉಸ್ತಾದರು ಮುಖ ಎತ್ತಿ, ಒರೆಸಲು ಬಿಟ್ಟರು.